ಆರನೆಯ ತರಗತಿಯ ಬಾಗಿಲು

ನಮ್ಮ ಕಡೆ ಈಗೀಗ ಮಗು ಪಾಸಾಯಿತೇ ಎಂದು ಯಾರೂ ಕೇಳುವುದಿಲ್ಲ. ಸೆಲೆಕ್ಟ್ ಆಯಿತೇ ಎಂದು ಕೇಳುತ್ತಾರೆ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ, ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ರೇಷ್ಮೆ ನೂಲು ತೆಗೆಯುವ ಶೆಡ್ಡುಗಳಲ್ಲಿ, ಹೊಸಕೋಟೆಯಲ್ಲಿ ತಳ್ಳುಗಾಡಿ ನಿಲ್ಲಿಸಿಕೊಂಡವರ ನಡುವೆ, ಐದನೆಯ ತರಗತಿಯ ಮಗು ಯಾರ ಮನೆಯಲ್ಲಿದೆ ಎಂಬುದು ಈ ಒಂದು ಮಾತಿನಿಂದಲೇ ತಿಳಿದುಬಿಡುತ್ತದೆ. ಹತ್ತು ವರ್ಷದ ಮಗು ಎರಡು ಗಂಟೆ ಕೂತು ಉತ್ತರದ ಹಾಳೆಯ ಪುಟ್ಟ ವೃತ್ತಗಳಿಗೆ ಮಸಿ ತುಂಬುತ್ತದೆ. ಅದು ಮುಂದೆ ಎಲ್ಲಿ ಉಣ್ಣಬೇಕು, ಯಾವ ಭಾಷೆಯಲ್ಲಿ ವಿಜ್ಞಾನ ಓದಬೇಕು, ಯಾರ ಜೊತೆ ಬೆಳೆಯಬೇಕು ಎಂಬುದೆಲ್ಲ ಅಲ್ಲಿಗೆ ಅರ್ಧ ತೀರ್ಮಾನವಾದಂತೆ.

ನಾವು ಕತೆ ಬರೆಯುವವರು, ಶಿಕ್ಷಣ ತಜ್ಞರಲ್ಲ. ಆದರೆ ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ, ಅಲ್ಲಿಂದ ಮುಂದೆ ಕನ್ನಡ ಶಾಲೆಯಲ್ಲಿ ಓದಿದವರು. ಈ ಎರಡು ಬಾಗಿಲುಗಳ ಹೊಸ್ತಿಲು ಎಷ್ಟೆಷ್ಟು ಎತ್ತರ ಎಂಬುದು ಕಾಲಿಗೆ ನೆನಪಿದೆ. ಆ ಧೈರ್ಯದ ಮೇಲೆ ಈ ಮಾತು.

ಪರೀಕ್ಷೆ ಮಾಡಿ ಮಕ್ಕಳನ್ನು ಆರಿಸಿಕೊಳ್ಳುವ ಸರ್ಕಾರಿ ಶಾಲೆಗಳು ನಮ್ಮಲ್ಲಿ ಹಲವು ಬಗೆ. ಎಲ್ಲಕ್ಕೂ ಹಿರಿಯಣ್ಣ ಜವಾಹರ್ ನವೋದಯ ವಿದ್ಯಾಲಯ. 1985-86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಪ್ರಯೋಗವಾಗಿ ಶುರುವಾಗಿ, 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಲದಿಂದ ಜಿಲ್ಲೆಗೊಂದರಂತೆ ಹರಡಿದ್ದು. ತಮಿಳುನಾಡು ಮಾತ್ರ ಹಿಂದಿಯ ಕಾರಣಕ್ಕೆ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ನಮ್ಮ ರಾಜ್ಯದ್ದೇ ಆದ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿವೆ. 1999ರಲ್ಲಿ ಇವುಗಳಿಗಾಗಿಯೇ ಒಂದು ಸಂಘ ಸ್ಥಾಪನೆಯಾಯಿತು. ಅದರ ಅಡಿಯಲ್ಲಿ ಈಗ 800ಕ್ಕೂ ಹೆಚ್ಚು ಶಾಲೆಗಳಿವೆ. ಇವುಗಳ ಆರನೆಯ ತರಗತಿಗೆ ಮಕ್ಕಳನ್ನು ಆರಿಸಲು ಪರೀಕ್ಷೆ ನಡೆಸುವುದು ಯಾರು ಗೊತ್ತೇ? ಎಂಜಿನಿಯರಿಂಗ್ ಸಿಇಟಿ ನಡೆಸುವ ಅದೇ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. 2008ರ ಕೇಂದ್ರ ಯೋಜನೆಯಿಂದ ಶೈಕ್ಷಣಿಕವಾಗಿ ಹಿಂದುಳಿದ 74 ಬ್ಲಾಕುಗಳಲ್ಲಿ ಆದರ್ಶ ವಿದ್ಯಾಲಯಗಳು ಬಂದವು. 2015ರಲ್ಲಿ ಕೇಂದ್ರ ಕೈ ಬಿಟ್ಟ ಮೇಲೆ ರಾಜ್ಯವೇ ಅವನ್ನು ಸಾಕಿಕೊಂಡಿತು. ಇವಲ್ಲದೆ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೊರಾರ್ಜಿ ಶಾಲೆಗಳು ಬೇರೆ ಇವೆ. ಅಲ್ಲಿ ನೂರಕ್ಕೆ 75 ಸೀಟು ಅಲ್ಪಸಂಖ್ಯಾತರಿಗೆ, 25 ಉಳಿದವರಿಗೆ. 2017-18ರಿಂದ ಅದೇ ಇಲಾಖೆ ಮೌಲಾನಾ ಆಜಾದ್ ಮಾದರಿ ಶಾಲೆ ಎಂಬ ಹೆಸರಿನಲ್ಲಿ ಮನೆಯಿಂದ ಹೋಗಿ ಬರುವ ಇಂಗ್ಲಿಷ್ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತಿದೆ.

ಇಂಥ ಶಾಲೆಗಳು ಇನ್ನಷ್ಟು ಬೇಕು ಎನ್ನುವುದರಲ್ಲಿ ನಮ್ಮ ರಾಜಕೀಯ ಪಕ್ಷಗಳಿಗೆ ಭಿನ್ನಾಭಿಪ್ರಾಯವಿಲ್ಲ. 2024ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ದೇಶಕ್ಕೆ 28 ಹೊಸ ನವೋದಯಗಳನ್ನು ಮಂಜೂರು ಮಾಡಿತು. 2025ರ ಮಾರ್ಚಿನ ರಾಜ್ಯ ಬಜೆಟ್ಟಿನಲ್ಲಿ 250 ಮೌಲಾನಾ ಆಜಾದ್ ಶಾಲೆಗಳನ್ನು 500 ಕೋಟಿ ರೂಪಾಯಿಯಲ್ಲಿ ಹಂತ ಹಂತವಾಗಿ ಶಿಶುವಿಹಾರದಿಂದ ಪಿಯುಸಿಯವರೆಗೆ ಬೆಳೆಸುವುದಾಗಿ ಘೋಷಿಸಿದರು. ಕೂಡಲೇ ಒಂದು ಕಡೆಯವರು ಓಲೈಕೆ ಎಂದು ಕೂಗಿದರು, ಇನ್ನೊಂದು ಕಡೆಯವರು ಸಾಮಾಜಿಕ ನ್ಯಾಯ ಎಂದರು. ವಾರವಿಡೀ ಟೀವಿಯಲ್ಲಿ ಅದೇ. ಯಾರಿಗೆ ಎಷ್ಟು ಶಾಲೆ ಎಂಬ ಲೆಕ್ಕ ನಡೆಯಿತೇ ಹೊರತು, ಹತ್ತು ವರ್ಷದ ಮಗುವನ್ನು ಸಾಲಿನಲ್ಲಿ ನಿಲ್ಲಿಸಿ ನೀನು ಒಳಗೆ ಬಾ, ನೀನು ಹೊರಗೆ ಇರು ಎನ್ನುವ ವಸತಿ ಶಾಲೆಗಳ ಆ ಏರ್ಪಾಟಿನ ಬಗ್ಗೆ ನಾವು ಕಂಡಂತೆ ಯಾರೂ ಬಾಯಿ ಬಿಡಲಿಲ್ಲ.

ನಮ್ಮ ತಂಗಿಯ ಮಗಳು ಈ ವರ್ಷ ಐದನೆಯ ತರಗತಿ. ದೊಡ್ಡಬಳ್ಳಾಪುರದ ಒಂದು ಸರ್ಕಾರಿ ಉರ್ದು ಶಾಲೆ. ತಂಗಿಯ ಗಂಡ ಪವರ್‌ಲೂಮಿನಲ್ಲಿ ಕೂಲಿ ನೇಕಾರ. ಮಗ್ಗ ಅವನದಲ್ಲ, ಕರೆಂಟು ಅವನ ಕೈಯಲ್ಲಿಲ್ಲ, ಸೀರೆಯ ದರವೂ ಅಷ್ಟೇ. ತಂಗಿ ಮನೆಯಲ್ಲಿ ಕಂಡಿಕೆ ಸುತ್ತುತ್ತಾಳೆ. ಇಂಥ ಮನೆಯಿಂದ ತಿಂಗಳಿಗೆ ಸಾವಿರದ ಇನ್ನೂರು ರೂಪಾಯಿ ಕೋಚಿಂಗಿಗೆ ಹೋಗುತ್ತಿದೆ. ಸರ್ಕಾರಿ ಶಾಲೆಯಿಂದ ಸರ್ಕಾರಿ ಶಾಲೆಗೆ ಸೇರಲು ಖಾಸಗಿಯವರಿಗೆ ದುಡ್ಡು! ನಾವು ಹೀಗೆಂದಾಗ ತಂಗಿ ನಗಲಿಲ್ಲ. “ನೀವು ಹೇಳ್ತೀರಿ ಆಪಾ. ಆ ಕೋಚಿಂಗಿಗೆ ಹೋಗದೆ ಸೆಲೆಕ್ಟ್ ಆದ ಒಂದು ಮಗೂನ ತೋರಿಸಿ, ನಾಳೆಯಿಂದಲೇ ಬಿಡಿಸ್ತೀನಿ” ಎಂದಳು. ನಮಗೆ ಒಂದು ಮಗುವನ್ನೂ ತೋರಿಸಲಾಗಲಿಲ್ಲ. ನಮ್ಮ ಗಲ್ಲಿಯಲ್ಲಂತೂ ಇಲ್ಲ.

ಉತ್ತರ ಕರ್ನಾಟಕದ ಕೆಲವು ಊರುಗಳಲ್ಲಿ ಇದು ಇನ್ನೂ ಮುಂದೆ ಹೋಗಿದೆ. ನವೋದಯ, ಸೈನಿಕ ಶಾಲೆ, ಮೊರಾರ್ಜಿ ಎಂದು ಬೋರ್ಡು ಹಾಕಿಕೊಂಡ ವಸತಿ ಸಹಿತ ಕೋಚಿಂಗ್ ಕೇಂದ್ರಗಳಿವೆ. ಹಾಸ್ಟೆಲಿಗೆ ಸೇರುವ ಪರೀಕ್ಷೆಗೆ ತಯಾರಾಗಲು ಮಗು ಮೊದಲು ಇನ್ನೊಂದು ಹಾಸ್ಟೆಲಿಗೆ ಸೇರಬೇಕು.

ಮಗಳ ಪುಸ್ತಕ ತಿರುವಿ ನೋಡಿದೆವು. ನವೋದಯದ ಪರೀಕ್ಷೆಯಲ್ಲಿ 80 ಪ್ರಶ್ನೆ, 100 ಅಂಕ. ಅರ್ಧದಷ್ಟು ಪ್ರಶ್ನೆ ಚಿತ್ರದ್ದು: ಗುಂಪಿಗೆ ಸೇರದ ಆಕೃತಿ ಯಾವುದು, ಕನ್ನಡಿಯಲ್ಲಿ ಇದು ಹೇಗೆ ಕಾಣುತ್ತದೆ, ಮಡಿಸಿ ತೂತು ಮಾಡಿದ ಕಾಗದ ಬಿಚ್ಚಿದರೆ ಹೇಗಿರುತ್ತದೆ. ಉಳಿದದ್ದು ಗಣಿತ ಮತ್ತು ಭಾಷೆ. ಈ ಚಿತ್ರದ ಪ್ರಶ್ನೆಗಳು ಮನೆಯ ಓದು ಬರಹಕ್ಕೆ ಸಂಬಂಧವಿಲ್ಲದ ಶುದ್ಧ ಬುದ್ಧಿಯನ್ನು ಅಳೆಯುತ್ತವೆ ಎನ್ನುತ್ತಾರೆ. ಆದರೆ ಇಂಥ ಐನೂರು ಚಿತ್ರಗಳನ್ನು ಮೊದಲೇ ಕಂಡ ಮಗುವಿಗೂ ಪರೀಕ್ಷೆಯ ದಿನ ಮೊದಲ ಸಲ ಕಾಣುವ ಮಗುವಿಗೂ ಇರುವ ಅಂತರ ಬುದ್ಧಿಯದ್ದಲ್ಲ, ಸಾವಿರದ ಇನ್ನೂರು ರೂಪಾಯಿಯದ್ದು. ಜೊತೆಗೆ ಈ ಪರೀಕ್ಷೆಯನ್ನು ಒಮ್ಮೆ ಮಾತ್ರ ಬರೆಯಬಹುದು. ಅಂದು ಜ್ವರ ಬಂದರೆ ಬಂತು.

ಗಣಿತದಲ್ಲಿ ಅವಳು ಎಡವಿದ್ದು ಎಲ್ಲಿ ಎಂದು ನೋಡಿದರೆ ‘ಭಿನ್ನರಾಶಿ’ ಎಂಬ ಪದದಲ್ಲಿ. ಅವಳ ಶಾಲೆಯಲ್ಲಿ ಅದು ‘ಕಸ್ರ್’. ಕೋಚಿಂಗಿನವರು ಎಲ್ಲ ಪರೀಕ್ಷೆಗೂ ಸೇರಿ ಒಂದೇ ಕನ್ನಡ ಪುಸ್ತಕ ಕೊಟ್ಟಿದ್ದಾರೆ. ಅವಳಿಗೆ ಲೆಕ್ಕ ಬರುತ್ತದೆ. ಕಾಲು ಕಿಲೋ, ಮುಕ್ಕಾಲು ಕಿಲೋ ರೇಷ್ಮೆಯ ತೂಕ ಅವರ ಮನೆಯಲ್ಲಿ ದಿನದ ಮಾತು. ಬರದೇ ಇದ್ದದ್ದು ಲೆಕ್ಕದ ಹೆಸರು. ನಾವೂ ಎಂಟನೆಯ ತರಗತಿಯ ಮೊದಲ ತಿಂಗಳುಗಳಲ್ಲಿ ಹೀಗೆಯೇ ಕೂತಿದ್ದೆವು. ‘ಮುಸಲ್ಲಸ್’ ಎಂದು ಮೂರು ವರ್ಷ ಗೆರೆ ಎಳೆದಿದ್ದ ಆಕೃತಿಗೆ ಮೇಷ್ಟ್ರು ‘ತ್ರಿಭುಜ’ ಎಂದಾಗ, ಇದು ಬೇರೆ ಏನೋ ಇರಬೇಕೆಂದು ಹೆದರಿದ್ದೆವು. ಆದರೆ ನಮಗೆ ಆಗ ಹದಿಮೂರು ವರ್ಷ, ಮತ್ತು ಹೆದರಿಕೆ ಕಳೆಯಲು ಇಡೀ ವರ್ಷವಿತ್ತು. ಯಾರೂ ಎರಡು ಗಂಟೆಯಲ್ಲಿ ನಮ್ಮನ್ನು ತೀರ್ಮಾನಿಸಲಿಲ್ಲ.

ಇನ್ನೊಂದು ನಿಯಮದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇದನ್ನು ನಮ್ಮ ಸಮುದಾಯದ ಮುಖಂಡರು ಯಾವ ವೇದಿಕೆಯ ಮೇಲೂ ಎತ್ತಿದ್ದನ್ನು ನಾವು ಕೇಳಿಲ್ಲ. ನವೋದಯದ ಒಂದು ತರಗತಿಗೆ 80 ಸೀಟು. ಅದರಲ್ಲಿ ಕನಿಷ್ಠ ಶೇಕಡಾ 75, ಎಂದರೆ 60 ಸೀಟು ಗ್ರಾಮೀಣ ಮಕ್ಕಳಿಗೆ. ಮೂರು, ನಾಲ್ಕು ಮತ್ತು ಐದನೆಯ ತರಗತಿಯನ್ನು ಪೂರ್ತಿಯಾಗಿ ಹಳ್ಳಿಯ ಶಾಲೆಯಲ್ಲೇ ಓದಿದ ಮಗು ಗ್ರಾಮೀಣ. ಅಷ್ಟರಲ್ಲಿ ಒಂದೇ ಒಂದು ದಿನ ಪಟ್ಟಣದ ಶಾಲೆಯಲ್ಲಿ ಓದಿದರೂ ಅದು ನಗರದ ಮಗು. ಉದ್ದೇಶ ಒಳ್ಳೆಯದೇ. ಹಳ್ಳಿಯ ಮಗುವಿಗೆ ಸಿಗಬೇಕಾದದ್ದನ್ನು ನಗರದ ಡಾಕ್ಟರ ಮಗು ಕಸಿಯದಿರಲಿ ಎಂದು.

ಆದರೆ ನಮ್ಮ ಜಿಲ್ಲೆಯಲ್ಲಿ ಏನಾಗುತ್ತದೆ ನೋಡಿ. ಉರ್ದು ಶಾಲೆಗಳು ಹೆಚ್ಚಾಗಿ ಇರುವುದು ದೊಡ್ಡಬಳ್ಳಾಪುರ, ಹೊಸಕೋಟೆ, ವಿಜಯಪುರದಂಥ ಪಟ್ಟಣಗಳ ಒಳಗೆ, ಮಸೀದಿ ಮತ್ತು ಮಗ್ಗಗಳ ಬೀದಿಗಳಲ್ಲಿ. ಸಾಚಾರ್ ಸಮಿತಿ 2006ರಲ್ಲಿ ಕೊಟ್ಟ ವರದಿಯನ್ನು ಮೀಸಲಾತಿಯ ಚರ್ಚೆಗೆ ಮಾತ್ರ ಓದುತ್ತೇವೆ. ಅದರಲ್ಲಿ ಇನ್ನೊಂದು ಅಂಕಿ ಇದೆ. 2001ರ ಜನಗಣತಿಯಂತೆ ದೇಶದ ಒಟ್ಟು ಜನರಲ್ಲಿ ನಗರವಾಸಿಗಳು ಶೇಕಡಾ 27.8 ಇದ್ದರೆ ಮುಸ್ಲಿಮರಲ್ಲಿ ಶೇಕಡಾ 35.7. ನಾವು ಪಟ್ಟಣಗಳಲ್ಲಿ ಸೇರಿಕೊಂಡವರು. ಶ್ರೀಮಂತರಾಗಿ ಅಲ್ಲ, ಭೂಮಿಯಿಲ್ಲದೆ, ಕೈಕಸುಬು ಹಿಡಿದು. ಹಾಗಾಗಿ ಪುರಸಭೆಯ ನಲ್ಲಿಯಲ್ಲಿ ಎರಡು ದಿನಕ್ಕೊಮ್ಮೆ ನೀರು ಹಿಡಿಯುವ ಕೂಲಿ ನೇಕಾರನ ಮಗಳು ನಿಯಮದ ಪ್ರಕಾರ ‘ನಗರದ ಮಗು’. ಅವಳಿಗೆ ಉಳಿಯುವುದು ಹೆಚ್ಚೆಂದರೆ ಆ 20 ಸೀಟುಗಳ ಪೈಪೋಟಿ.

ಇನ್ನು ಆ ಕಡೆ, 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿಯ ಸುತ್ತ ಎದ್ದ ಬಡಾವಣೆಗಳಿವೆ. ಅಲ್ಲಿನ ಎಷ್ಟೋ ಖಾಸಗಿ ಇಂಗ್ಲಿಷ್ ಶಾಲೆಗಳು ನಿಂತಿರುವುದು ಗ್ರಾಮ ಪಂಚಾಯಿತಿಯ ನೆಲದಲ್ಲಿ. ಮಾನ್ಯತೆ ಇದ್ದರೆ ಸಾಕು, ಹಳದಿ ವ್ಯಾನಿನಲ್ಲಿ ಅಲ್ಲಿಗೆ ಹೋಗಿ ಬರುವ ಮಗು ‘ಗ್ರಾಮೀಣ’. ಇದರಲ್ಲಿ ಆ ಮಗುವಿನ ತಪ್ಪೇನೂ ಇಲ್ಲ. ಬೆಂಗಳೂರು ಗ್ರಾಮಾಂತರ ಎಂಬ ಹೆಸರು ಇನ್ನು ಹೊಂದುವುದಿಲ್ಲವೆಂದು ಸರ್ಕಾರಕ್ಕೇ ಅನ್ನಿಸಿ, 2025ರ ಜುಲೈಯಲ್ಲಿ ನಂದಿಬೆಟ್ಟದ ಸಂಪುಟ ಸಭೆಯಲ್ಲಿ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ತೀರ್ಮಾನಿಸಿತು. ಜಿಲ್ಲೆಯ ಹೆಸರಿಗೆ ಇಷ್ಟು ಯೋಚನೆ ಮಾಡಿದವರು ಯಾವ ಮಗು ಹಳ್ಳಿಯದು, ಯಾವುದು ಪೇಟೆಯದು ಎಂದೂ ಒಮ್ಮೆ ಯೋಚಿಸಬಹುದಿತ್ತು.

ನಾವು ಐದನೆಯ ತರಗತಿಯಲ್ಲಿದ್ದಾಗ ನಮ್ಮ ಶಾಲೆಗೆ ಇಂಥ ಪರೀಕ್ಷೆಯ ಅರ್ಜಿ ಬಂದದ್ದೇ ನೆನಪಿಲ್ಲ. ಬಂದಿದ್ದರೆ ಯಾರು ಬರೆಯಬೇಕಿತ್ತು ಎಂಬುದು ನೆನಪಿದೆ. ನಮ್ಮ ಸಾಲಿನ ಹಿಂದೆ ಒಬ್ಬ ಹುಡುಗ ಕೂರುತ್ತಿದ್ದ. ಉಸ್ತಾದರು ಹಲಗೆಯ ಮೇಲೆ ಲೆಕ್ಕ ಬರೆದು ಮುಗಿಸುವ ಮೊದಲೇ ಅವನ ಉತ್ತರ ಬಂದಿರುತ್ತಿತ್ತು. ಏಳನೆಯ ತರಗತಿಗೆ ಶಾಲೆ ಬಿಟ್ಟು ವಿಜಯಪುರದ ಸಂಬಂಧಿಕರ ರೀಲಿಂಗ್ ಶೆಡ್ಡಿಗೆ ಹೋದ. ಈಗ ಸ್ವಂತ ಶೆಡ್ಡು ಇದೆ. ಗೂಡು ಮಾರುಕಟ್ಟೆಯಲ್ಲಿ ಒಂದು ಹಿಡಿ ಗೂಡು ಅಂಗೈಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿ, ಇಷ್ಟು ಕಿಲೋ ಗೂಡಿಗೆ ಇಷ್ಟು ನೂಲು ಬರುತ್ತದೆಂದು ಹೇಳುತ್ತಾನಂತೆ. ಮೊನ್ನೆ ಒಂದು ಮದುವೆಯಲ್ಲಿ ಸಿಕ್ಕಾಗ ತಂಗಿಯ ಮಗಳ ಪರೀಕ್ಷೆಯ ವಿಷಯ ಬಂತು. ಅವನೆಂದ: “ಗೂಡು ಆರಿಸೋದು ನಮಗೆ ಗೊತ್ತು. ಜೋಡಿಹುಳದ್ದು, ಕಲೆ ಬಿದ್ದದ್ದು, ತೂತಾದದ್ದು ಬೇರೆ ಹಾಕ್ತೀವಿ. ಆದರೆ ಹುಳ ಇನ್ನೂ ಗೂಡು ಕಟ್ಟೋ ಮೊದಲೇ ಆರಿಸೋಕೆ ಆಗ್ತದಾ? ಹತ್ತು ವರ್ಷಕ್ಕೆ ಯಾರ ಗೂಡು ಮುಗಿದಿರ್ತದೆ?” ಕತೆ ಬರೆಯುವ ನಮಗೆ ಹೊಳೆಯದ ಮಾತನ್ನು ಗೂಡು ಬೇಯಿಸುವವನು ಹೇಳಿದ. ಅವನಿಗೆ ಶಾಲೆ ಬಿಟ್ಟದ್ದರ ಬಗ್ಗೆ ದುಃಖವಿದೆಯೇ ಎಂದು ಕೇಳುವ ಧೈರ್ಯ ಆಗಲಿಲ್ಲ.

ಆಯ್ಕೆಯಾದ ಮಕ್ಕಳ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಆಯ್ಕೆಯಾಗದ ಮಕ್ಕಳು ಉಳಿಯುವ ಆರನೆಯ ತರಗತಿ ಹೇಗಿರುತ್ತದೆಂದು ಬರೆಯುವವರಿಲ್ಲ. ತಂಗಿಯ ಮಗಳ ಶಾಲೆಯ ಮುಖ್ಯ ಶಿಕ್ಷಕಿ ನಮಗೆ ಹಳೆಯ ಪರಿಚಯ. ಅವರ ಪ್ರಕಾರ ಪ್ರತಿ ವರ್ಷ ಜೂನ್ ತಿಂಗಳಲ್ಲಿ ಐದಾರು ಮಕ್ಕಳು ವರ್ಗಾವಣೆ ಪತ್ರ ತೆಗೆದುಕೊಳ್ಳುತ್ತವೆ. ಸಂಖ್ಯೆ ಸಣ್ಣದು. ಆದರೆ ಅವು ಯಾವ ಮಕ್ಕಳು? ಬೆಳಿಗ್ಗೆ ಪ್ರಾರ್ಥನೆ ಹೇಳಿಸುವವು, ಪಕ್ಕದವರಿಗೆ ಲೆಕ್ಕ ಹೇಳಿಕೊಡುವವು, ಶಾಲೆಗೆ ಬಂದು ಯಾಕೆ ಪಾಠ ಆಗಿಲ್ಲ ಎಂದು ಕೇಳುವ ತಾಯ್ತಂದೆಯರ ಮಕ್ಕಳು. ಅವು ಹೋದ ಮೇಲೆ ಕೇಳುವವರೂ ಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರು ಕಡಿಮೆಯಾದರೆ ಮಕ್ಕಳ ಸಂಖ್ಯೆಗೆ ತಕ್ಕಂತೆ ಶಿಕ್ಷಕರ ಲೆಕ್ಕ ಹಾಕುವ ಇಲಾಖೆ ಒಬ್ಬರನ್ನು ‘ಹೆಚ್ಚುವರಿ’ ಎಂದು ಗುರುತಿಸುತ್ತದೆ. ಆ ಒಬ್ಬರು ಬೇರೆ ಶಾಲೆಗೆ ಹೋದರೆ, ಉಳಿದವರು ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸುತ್ತಾರೆ. ಮುಂದಿನ ವರ್ಷ ಅದನ್ನು ನೋಡಿ ಇನ್ನೂ ಎರಡು ಮನೆಯವರು ಮಕ್ಕಳನ್ನು ಬಿಡಿಸುತ್ತಾರೆ. ಒಳ್ಳೆಯ ಶಾಲೆಯೊಂದು ತೆರೆದಾಗ ಅದರ ಖರ್ಚನ್ನು ಬಜೆಟ್ಟಿನಲ್ಲಿ ಬರೆಯುತ್ತಾರೆ. ಈ ಖರ್ಚನ್ನು ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ. “ನಮ್ಮ ಕೈಲಿ ಐದು ವರ್ಷ ಬೆಳೆದ ಮಗು ಅಲ್ಲಿ ರ‍್ಯಾಂಕ್ ಬಂದರೆ ಅವರ ಶಾಲೆಯ ಹೆಸರು, ಇಲ್ಲಿ ಉಳಿದ ಮಗು ಫೇಲಾದರೆ ನಮ್ಮ ಹೆಸರು” ಎಂದು ಆ ಶಿಕ್ಷಕಿ ನಕ್ಕರು. ಆ ನಗುವಿನಲ್ಲಿ ಸಿಟ್ಟೂ ಇತ್ತು.

ಹಾಗೆಂದು ಈ ಶಾಲೆಗಳನ್ನೆಲ್ಲ ಮುಚ್ಚಿಬಿಡಿ ಎನ್ನುವಷ್ಟು ಕಟುವಾಗಲು ನಮ್ಮಿಂದ ಆಗದು. ನಮ್ಮ ಬೀದಿಯಲ್ಲೇ ಒಬ್ಬಳಿದ್ದಾಳೆ. ತಂದೆ ಇಲ್ಲದ ಹುಡುಗಿ. ತಾಯಿ ನಾಲ್ಕು ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಮೊರಾರ್ಜಿ ಶಾಲೆಗೆ ಸೇರಿದಳು, ಐದು ವರ್ಷ ಹೊಟ್ಟೆತುಂಬ ಊಟ, ಓದಲು ದೀಪ, ಮಲಗಲು ಮಂಚ ಸಿಕ್ಕಿತು. ಈಗ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸು. ಹದಿನಾರಕ್ಕೇ ಮದುವೆಯಾದ ಅವಳ ಅಕ್ಕ ಮನೆಯಲ್ಲಿ ಬೀಡಿ ಕಟ್ಟುತ್ತಾಳೆ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರ ನಡುವೆ ಈ ವ್ಯತ್ಯಾಸ ತಂದದ್ದು ಆ ಶಾಲೆ. ಅದನ್ನು ಸುಳ್ಳು ಎನ್ನುವವರು ಅವಳ ಅಮ್ಮಿಯ ಮುಖ ನೋಡಿ ಹೇಳಲಿ. ನಾವು ಕೇಳುವುದು ಇಷ್ಟೇ: ಅಕ್ಕನಿಗೆ ಆ ಊಟ, ಆ ದೀಪ, ಆ ಮಂಚ ಸಿಕ್ಕಿದ್ದರೆ ಅವಳಿಗೂ ಅದು ಆಗುತ್ತಿರಲಿಲ್ಲವೇ? ತಂಗಿಯನ್ನು ಬದಲಿಸಿದ್ದು ಪರೀಕ್ಷೆಯೋ, ಪರೀಕ್ಷೆಯ ಆಚೆ ಇದ್ದ ಶಾಲೆಯೋ?

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಒಂದು ತೊಡಕು. ‘ಹಾಸ್ಟೆಲ್ ನಕ್ಕೋ’ ಎನ್ನುವ ಅಜ್ಜಿಯರು ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಇದ್ದಾರೆ. ಅವರನ್ನು ಒಪ್ಪಿಸಲು ಅಲ್ಪಸಂಖ್ಯಾತರ ಇಲಾಖೆಯದೇ ಶಾಲೆ ಎಂಬ ಒಂದು ಮಾತು ಕೈಯಲ್ಲಿತ್ತು. 2022ರ ಫೆಬ್ರವರಿಯಲ್ಲಿ, ಹಿಜಾಬ್ ಗಲಾಟೆಯ ನಡುವೆ, ಅದೇ ಇಲಾಖೆ ತನ್ನ ವಸತಿ ಶಾಲೆಗಳಲ್ಲೂ ಮೌಲಾನಾ ಆಜಾದ್ ಶಾಲೆಗಳಲ್ಲೂ ಕೇಸರಿ ಶಾಲು, ಹಿಜಾಬ್ ಯಾವುದೂ ಕೂಡದೆಂದು ಸುತ್ತೋಲೆ ಹೊರಡಿಸಿತು. ಸ್ಕಾರ್ಫ್ ಹಾಕಬೇಕೋ ಬೇಡವೋ ಎಂಬುದು ನಮ್ಮ ಹುಡುಗಿಯರು ತೀರ್ಮಾನಿಸಿಕೊಳ್ಳಬೇಕಾದ ವಿಷಯ, ಅಜ್ಜಿಯದೂ ಅಲ್ಲ, ಇಲಾಖೆಯದೂ ಅಲ್ಲ ಎಂದು ನಾವು ಆಗಲೂ ಬರೆದಿದ್ದೆವು. ಆದರೆ ಅಂದಿನಿಂದ ಅಜ್ಜಿಯರ ಕೈಗೆ ಒಂದು ಹೊಸ ಕಾರಣ ಸಿಕ್ಕಿತು. ಪಟ್ಟಿಯಲ್ಲಿ ಹೆಸರು ಬಂದೂ ಹೋಗದ ಹುಡುಗಿಯರನ್ನು ನಾವು ಬಲ್ಲೆವು.

ಈ ಚರ್ಚೆ ಹೊಸದೇನಲ್ಲ. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಎಲ್ಲ ಮಕ್ಕಳಿಗೂ ಸಮಾನ ಶಾಲೆ, ಆಯಾ ನೆರೆಹೊರೆಯ ಮಕ್ಕಳೆಲ್ಲ ಆಯಾ ಶಾಲೆಯಲ್ಲೇ ಓದುವ ಏರ್ಪಾಟು ಬೇಕೆಂದು ಹೇಳಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೆಯ ಕಲಂ, ಶಾಲೆಗೆ ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ತಾಯ್ತಂದೆಯರನ್ನಾಗಲಿ ಜರಡಿ ಹಿಡಿಯಬಾರದು ಎನ್ನುತ್ತದೆ. ಲಾಟರಿ ಎತ್ತಬಹುದು, ಪರೀಕ್ಷೆ ಮಾಡುವಂತಿಲ್ಲ. ಅದೇ ಕಾಯ್ದೆ ಕೇಂದ್ರೀಯ ವಿದ್ಯಾಲಯ, ನವೋದಯ, ಸೈನಿಕ ಶಾಲೆಗಳನ್ನು ‘ನಿರ್ದಿಷ್ಟ ವರ್ಗ’ ಎಂದು ಬೇರೆಯಾಗಿ ಹೆಸರಿಸಿತು. ನವೋದಯದ ಪರೀಕ್ಷೆ ನಿಲ್ಲಲಿಲ್ಲ. ಕಾನ್ವೆಂಟಿನವರು ಮೂರು ವರ್ಷದ ಮಗುವಿಗೆ ಸಂದರ್ಶನ ಮಾಡಿದರೆ ಅಪರಾಧ, ಸರ್ಕಾರ ಹತ್ತು ವರ್ಷದ ಮಗುವಿಗೆ ಸಿಇಟಿ ಮಾಡಿದರೆ ಯೋಜನೆ.

ಹೊರಗಿನ ಒಂದು ಉದಾಹರಣೆ ಹೇಳಿ ಮುಂದೆ ಹೋಗುತ್ತೇವೆ. ಇಂಗ್ಲೆಂಡಿನಲ್ಲಿ 1944ರ ಶಿಕ್ಷಣ ಕಾಯ್ದೆಯ ನಂತರ ಹನ್ನೊಂದನೆಯ ವಯಸ್ಸಿಗೆ ಪರೀಕ್ಷೆ ಮಾಡಿ, ಗೆದ್ದವರನ್ನು ಗ್ರಾಮರ್ ಶಾಲೆಗೂ ಸೋತವರನ್ನು ಇನ್ನೊಂದಕ್ಕೂ ಕಳಿಸುತ್ತಿದ್ದರು. ಬಡವರ ಜಾಣ ಮಕ್ಕಳಿಗೆ ಏಣಿ ಎಂದೇ ಅದನ್ನು ಹೊಗಳಿದ್ದು. 1960ರ ದಶಕದ ನಡುವಿನಿಂದ ಅದನ್ನು ಕೈಬಿಡುತ್ತ ಬಂದರು. 1998ರಲ್ಲಿ ಹೊಸ ಗ್ರಾಮರ್ ಶಾಲೆ ತೆರೆಯುವುದನ್ನೇ ಕಾನೂನು ಮಾಡಿ ನಿಲ್ಲಿಸಿದರ���. 163 ಶಾಲೆಗಳು ಹಾಗೇ ಉಳಿದವು. 2016ರಲ್ಲಿ ಪ್ರಧಾನಿ ತೆರೇಸಾ ಮೇ ಮತ್ತೆ ಹೊಸದನ್ನು ತೆರೆಯುತ್ತೇವೆ ಎಂದಾಗ ದೊಡ್ಡ ಜಗಳವಾಯಿತು. ಆಗ ಹೊರಬಂದ ಒಂದು ಲೆಕ್ಕ: ಬಡತನದಿಂದಾಗಿ ಶಾಲೆಯ ಪುಕ್ಕಟೆ ಊಟಕ್ಕೆ ಅರ್ಹರಾದ ಮಕ್ಕಳು ಆ ಗ್ರಾಮರ್ ಶಾಲೆಗಳಲ್ಲಿ ನೂರಕ್ಕೆ ಮೂರೂ ಇರಲಿಲ್ಲ. ಬಡವರಿಗೆ ಹಾಕಿದ ಏಣಿಯನ್ನು ಹತ್ತಿದವರು ಯಾರೆಂಬುದು ಅದರಲ್ಲೇ ಇತ್ತು. 2017ರ ಚುನಾವಣೆಯ ನಂತರ ಆ ಪ್ರಸ್ತಾಪ ಮೂಲೆಗೆ ಬಿತ್ತು. ನಮ್ಮ ನವೋದಯ, ಮೊರಾರ್ಜಿಗಳು ಅಷ್ಟು ಕೆಟ್ಟಿಲ್ಲ ಎಂಬುದು ನಿಜ. ಇಲ್ಲಿ ಹಳ್ಳಿಗೆ, ಪರಿಶಿಷ್ಟರಿಗೆ, ಹೆಣ್ಣುಮಕ್ಕಳಿಗೆ ಸೀಟು ಕಾದಿಟ್ಟಿದ್ದಾರೆ. ಆದರೆ ಕಾದಿಟ್ಟ ಸೀಟಿನ ಒಳಗೂ ಕೋಚಿಂಗ್ ಕೊಂಡವರು ಕೊಳ್ಳದವರನ್ನು ದಾಟಿ ಹೋಗುತ್ತಾರೆ.

ಪರೀಕ್ಷೆ ಇಲ್ಲದ ದಾರಿಯನ್ನೂ ನಮ್ಮ ರಾಜ್ಯ ಹಿಡಿದು ನೋಡಿದೆ. 2018ರಲ್ಲಿ ಶುರುವಾದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿಯಿಂದ ಹನ್ನೆರಡರವರೆಗೆ ಒಂದೇ ಆವರಣ, ಬರುವ ಮಗುವಿಗೆ ಜರಡಿಯಿಲ್ಲ. ಅದು ನಮಗೆ ಹೆಚ್ಚು ಇಷ್ಟ. ಅದಕ್ಕೂ 2025ರಲ್ಲಿ ವಿರೋಧ ಬಂತು. ಸುತ್ತಲಿನ ಸಣ್ಣ ಶಾಲೆಗಳನ್ನು ಅದರೊಳಗೆ ವಿಲೀನ ಮಾಡಿ ಮುಚ್ಚುತ್ತಾರೆಂಬ ಭಯ. ಆ ಭಯ ಸುಳ್ಳಲ್ಲ. ಮುಚ್ಚುವ ಪಟ್ಟಿಯಲ್ಲಿ ಮೊದಲು ಕಾಣುವುದು ಸಣ್ಣ ಉರ್ದು ಶಾಲೆಗಳೇ ಎಂದು ನಮಗೆ ಅನುಮಾನವಿದೆ. ಉರ್ದು ಶಾಲೆಯ ಮಗುವಿಗೆ ಒಂದನೆಯ ತರಗತಿಯಿಂದಲೇ ಕನ್ನಡವನ್ನು ಸರಿಯಾಗಿ ಕಲಿಸುವ ಒಬ್ಬ ಶಿಕ್ಷಕರು ಸಿಕ್ಕರೆ ಅರ್ಧ ದುಃಖ ಕಳೆಯುತ್ತದೆ. ಅದಕ್ಕೆ ಹೊಸ ಕಟ್ಟಡ ಬೇಡ, ಉದ್ಘಾಟನೆಯ ಕಲ್ಲೂ ಬೇಡ. ಬಹುಶಃ ಅದಕ್ಕೇ ಅದು ಆಗುವುದಿಲ್ಲ.

ಕಳೆದ ಆಗಸ್ಟಿನಲ್ಲಿ ತಂಗಿಯ ಮಗಳ ಶಾಲೆಯ ಒಂದು ಕೋಣೆಯಲ್ಲಿ ಎಸ್‌ಡಿಎಂಸಿಯವರೂ ಜಮಾತಿನ ಹಿರಿಯರೂ ಸೇರಿದ್ದರು. ನಮ್ಮನ್ನೂ ಕರೆದಿದ್ದರು. ಜಮಾತಿನ ನಿಧಿಯಲ್ಲಿ ಒಂದಿಷ್ಟು ಹಣವಿದೆ, ಅದರಲ್ಲಿ ಹತ್ತು ಜಾಣ ಮಕ್ಕಳನ್ನು ಆರಿಸಿ ನವೋದಯ, ಮೊರಾರ್ಜಿ ಕೋಚಿಂಗ್ ಕೊಡಿಸೋಣ ಎಂಬುದು ಪ್ರಸ್ತಾಪ. ಆ ಹತ್ತು ಮಕ್ಕಳನ್ನು ಆರಿಸಲು ಒಂದು ಸಣ್ಣ ಪರೀಕ್ಷೆ ಇಡೋಣ ಎಂದು ಯಾರೋ ಹೇಳಿದರು. ಪರೀಕ್ಷೆಗೆ ತಯಾರಾಗಲು ಪರೀಕ್ಷೆ! ನಾವು ಎದ್ದು, ಈ ಹಣದಲ್ಲಿ ನಾಲ್ಕು ಮತ್ತು ಐದನೆಯ ತರಗತಿಯ ಎಲ್ಲ ಮಕ್ಕಳಿಗೂ ಕನ್ನಡ ಮತ್ತು ಗಣಿತ ಹೇಳಿಕೊಡುವ ಇಬ್ಬರನ್ನು ಇಡೋಣ, ಪರೀಕ್ಷೆ ಬರೆಯುವವರು ಬರೆಯಲಿ, ಬರೆಯದವರೂ ಕೂರಲಿ ಎಂದೆವು. ಮುತವಲ್ಲಿ ಸಾಹೇಬರು ಒಳ್ಳೆಯವರು. “ಅಮ್ಮಾ, ಎಲ್ಲರಿಗೂ ಹಂಚಿದರೆ ಒಬ್ಬರಿಗೂ ಹೊಟ್ಟೆ ತುಂಬೋದಿಲ್ಲ” ಎಂದರು. ದೇವನಹಳ್ಳಿ ಕಡೆ ಕೆಲಸ ಮಾಡುವ ಒಬ್ಬ ಯುವಕ ಎಂಜಿನಿಯರ್, ತಾನೂ ಮೊರಾರ್ಜಿಯಲ್ಲಿ ಓದಿದವನು, ಮುತವಲ್ಲಿಯವರ ಪರ ಮಾತಾಡಿದ. ತನಗೆ ಆ ಸೀಟು ಸಿಗದಿದ್ದರೆ ತಾನು ಇಂದು ಗ್ಯಾರೇಜಿನಲ್ಲಿರುತ್ತಿದ್ದೆ ಎಂದ. ಅವನ ಮಾತಿಗೆ ನಮ್ಮ ಬಳಿ ಉತ್ತರವಿರಲಿಲ್ಲ, ಅವನು ಸುಳ್ಳು ಹೇಳುತ್ತಿರಲಿಲ್ಲ. ಆಗ ಮುಖ್ಯ ಶಿಕ್ಷಕಿ ಕೇಳಿದರು: “ನಿನ್ನ ಜೊತೆ ಐದನೇ ಕ್ಲಾಸಿನಲ್ಲಿದ್ದವರು ಈಗ ಎಲ್ಲಿದ್ದಾರೆ ಬೇಟಾ?” ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಇಬ್ಬರ ಹೆಸರು ಹೇಳಿದ. ಉಳಿದವರು ನೆನಪಾಗಲಿಲ್ಲ.

ಎರಡು ಗಂಟೆಯ ವಾದದ ನಂತರ ಹಣ ಎರಡು ಪಾಲಾಯಿತು. ಅರ್ಧದಲ್ಲಿ ಹನ್ನೊಂದು ಮಕ್ಕಳ ಅರ್ಜಿ, ಪುಸ್ತಕ, ಮಾದರಿ ಪ್ರಶ್ನೆಪತ್ರಿಕೆ. ಇನ್ನರ್ಧದಲ್ಲಿ ಒಬ್ಬರು ಮೇಡಂ. ಬಿ.ಎಡ್. ಮುಗಿಸಿ ಮನೆಯಲ್ಲಿದ್ದವರು, ಕನ್ನಡ ಮಾಧ್ಯಮದಲ್ಲಿ ಓದಿದವರು, ಉರ್ದು ಅಕ್ಷರ ಬಾರದು, ಆದರೆ ಮಾತು ಬರುತ್ತದೆ. ಶನಿವಾರ ಮಧ್ಯಾಹ್ನ ಗಣಿತ, ಭಾನುವಾರ ಬೆಳಿಗ್ಗೆ ಕನ್ನಡ. ಹಲಗೆಯ ಎಡಕ್ಕೆ ಅವರು ‘ಭಿನ್ನರಾಶಿ’ ಎಂದು ಬರೆದರೆ ಬಲಕ್ಕೆ ಮಕ್ಕಳೇ ಎದ್ದು ಹೋಗಿ ‘ಕಸ್ರ್’ ಎಂದು ಬರೆಯುತ್ತವೆ. ಮೊದಲ ವಾರ ಆ ಹನ್ನೊಂದು ಮಕ್ಕಳು ಮಾತ್ರ ಬಂದಿದ್ದವು. ಈಗ ಮೂವತ್ತು ದಾಟಿದೆ. ಏಳನೆಯ ತರಗತಿಯ ಇಬ್ಬರು ಹುಡುಗರು, ಯಾವ ಪರೀಕ್ಷೆಗೂ ವಯಸ್ಸು ಮೀರಿದವರು, ಬಾಗಿಲ ಬಳಿ ಬಂದು ನಾವೂ ಕೂರಬಹುದೇ ಎಂದು ಕೇಳಿದರಂತೆ. ಮೇಡಂ ಅವರಿಗೂ ಚಾಪೆ ಹಾಸಿದ್ದಾರೆ.